ಓಡುವ ಅಕ್ಷರದ ಸುರೇಂದ್ರ

ತೀರ್ಥಹಳ್ಳಿಯಲ್ಲಿ ಫ್ಲೆಕ್ಸ್ ಮಾಡುವ ಸುರೇಂದ್ರನಿಗೆ ಕಂಪ್ಯೂಟರಿನ ಅಷ್ಟೂ ಫಾಂಟುಗಳಲ್ಲಿ ಒಂದೆಂದರೆ ಪ್ರಾಣ. ಒರಟು ಬ್ರಶ್ಶಿನಿಂದ ಈಗಷ್ಟೇ ಎಳೆದಂತೆ, ಅಂಚೆಲ್ಲ ಕೂದಲೆಳೆಯಾಗಿ ಸಿಡಿದ ಅಕ್ಷರ ಅದು. ಕಬಡ್ಡಿ ಪಂದ್ಯಕ್ಕೂ ಅದೇ, ಕೋಳಿ ಅಂಗಡಿಗೂ ಅದೇ, ಅಪ್ಪೆಮಿಡಿ ಉಪ್ಪಿನಕಾಯಿಯ ಲೇಬಲ್ಲಿಗೂ ಅದೇ. "ಬಣ್ಣ ಒಣಗಿದ್ಯೇನೋ ಮಾರಾಯ?" ಎಂದು ಗಿರಾಕಿಗಳು ರೇಗಿಸಿದರೆ "ಮುಟ್ಟಿ ನೋಡಿ" ಎನ್ನುತ್ತಾನೆ, ಮುಟ್ಟಿದವರು ಬೆರಳು ನೋಡಿಕೊಳ್ಳುವುದೂ ಉಂಟು. ಶ್ರದ್ಧಾಂಜಲಿಗೆ ಮಾತ್ರ ಅದನ್ನು ಹಾಕಿದವನಲ್ಲ. ಸಾವಿಗೆ ಶಾಂತವಾದ ಅಕ್ಷರವೇ ಸರಿ ಎಂಬುದು ಅವನ ನಂಬಿಕೆ. ಮೊನ್ನೆ ಹಾಲಮ್ಮ ತೀರಿಹೋದ ಗಂಡನ ಫೋಟೊ ತಂದಳು. ಸುರೇಂದ್ರ ತೋರಿಸಿದ ಶಾಂತ ಅಕ್ಷರ ಅವಳಿಗೆ ಹಿಡಿಸಲಿಲ್ಲ. "ನಮ್ಮನೆಯವ್ರು ಒಂದಿನಾನೂ ಸುಮ್ನೆ ಕೂತವ್ರಲ್ಲಪ್ಪ. ಆ ಕಬಡ್ಡಿದು ಓಡೋ ಅಕ್ಷರನೇ ಹಾಕು." ಸುರೇಂದ್ರ ಅಳುಕುತ್ತಲೇ ಅವಳ ಗಂಡನ ಹೆಸರನ್ನು 'ಜಟ್ಟಿಂಗಪ್ಪ' ಎಂದು ಅದರಲ್ಲೇ ಮೂಡಿಸಿದ. "ಹೂಂ, ಇವ್ರೇ," ಎಂದು ಹಾಲಮ್ಮ ನಕ್ಕಳು.