ಗೋಡೆಯ ಆಚೆಯ ಜಾಗ

ನನ್ನ ಮೊದಲ ಕೂಸು ತೀರಿಹೋದ ದಿನ ಸಮಾಧಾನ ಹೇಳಲು ಬಂದವರನ್ನು ನೆನೆದರೆ ಇವತ್ತಿಗೂ ನನಗೆ ಹೇಸಿಗೆ. ಇಷ್ಟು ವರ್ಷವಾದರೂ ಅವರನ್ನು ಕ್ಷಮಿಸಿದ್ದೇನೆ ಎಂದು ಹೇಳಿ ದೊಡ್ಡತನ ತೋರುವ ಆಸೆ ನನಗಿಲ್ಲ.

ಗೋವಾ ಇನ್ನೂ ಪೋರ್ತುಗೀಸರ ಕೈಯಲ್ಲಿದ್ದ ಕಾಲ ಅದು. ನನ್ನ ಗಂಡ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನ. ನಾವು ಕ್ರಿಸ್ತುವರು, ಮನೆಮಾತು ಕೊಂಕಣಿ. ಆದರೆ ಅತ್ತೆ ಹಳಿಯಾಳದಲ್ಲಿ ಹುಟ್ಟಿ ಬೆಳೆದವರು, ಜಗಳಕ್ಕೆ ನಿಂತರೆ ಅವರ ಬಾಯಿಗೆ ಕನ್ನಡವೇ ಬರುತ್ತಿತ್ತು. ಮನೆಯಲ್ಲಿ ಕನ್ನಡವೇ ಹೆಚ್ಚು ಕೇಳುತ್ತಿತ್ತು ಎಂದರೆ ಉಳಿದದ್ದು ನಿಮಗೆ ತಿಳಿಯುತ್ತದೆ.

ಕೂಸು ಹುಟ್ಟುವಾಗಲೇ ಬಡಕಲು. ಬೇಗ ಜ್ಞಾನಸ್ನಾನ ಮಾಡಿಸೋಣ ಎಂದು ನಾನು ಹೇಳುತ್ತಲೇ ಇದ್ದೆ. ಆದರೆ ಮನೆಯ ಮೊದಲ ಮಗುವನ್ನು ಧರ್ಮತಂದೆಯಾಗಿ ಎತ್ತಿಕೊಳ್ಳಬೇಕಾದವನು ಗೋವಾದಲ್ಲಿದ್ದ ಅತ್ತೆಯ ಹಿರಿಯ ಮಗ. ಗಡಿ ಮುಚ್ಚಿತ್ತು, ಅವನಿಗೆ ಪರವಾನಗಿ ಸಿಗುತ್ತಿರಲಿಲ್ಲ.

“ಅಂವಾ ಬರೂತನಕಾ ತಡಿ. ಹಿರೇಮಗನ್ನ ಬಿಟ್ಟು ಬ್ಯಾರೇದವರ ಕೈಯಾಗ ಕೂಸು ಕೊಟ್ರ ಮಂದಿ ಏನಂದಾರು?” ಎಂದರು ಅತ್ತೆ.

ಕೂಸಿಗೆ ಎರೆಯಲು ಪಕ್ಕದ ಮನೆಯ ಲಿಂಗಾಯತರ ಅಕ್ಕ ದಿನಾ ಬರುತ್ತಿದ್ದಳು. “ನಮ್ಮಾಗ ಕೂಸು ಹುಟ್ಟಿದ ಕೂಡ್ಲೆ ಲಿಂಗ ಕಟ್ಟಿಬಿಡ್ತೀವ್ರಿ. ಕಾಕಾ ಬರ್ಲಿ, ಮಾವ ಬರ್ಲಿ ಅಂತ ಕುಂದ್ರೂದಿಲ್ಲ,” ಎಂದು ಒಮ್ಮೆ ಅಂದುಬಿಟ್ಟಳು. ಅತ್ತೆ ಎರಡು ದಿನ ಅವಳೊಡನೆ ಮಾತು ಬಿಟ್ಟರು.

ಒಂದು ಬೆಳಿಗ್ಗೆ ಗಂಡ ಡಿಪೋಗೆ, ಅತ್ತೆ ಸಂತೆಗೆ ಹೋಗಿದ್ದಾಗ ಕೂಸು ಮೇಲುಸಿರು ಬಿಡತೊಡಗಿತು. ಸಾಯುವ ಮಗುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂದು ಚಿಕ್ಕಂದಿನ ಧರ್ಮಪಾಠದಲ್ಲಿ ಕಲಿತದ್ದು ನೆನಪಾಯಿತು. ಎರೆಯಲು ಬಂದಿದ್ದ ಅಕ್ಕನ ಕೈಯಿಂದ ತಂಬಿಗೆ ಇಸಿದುಕೊಂಡೆ, ಕೂಸಿಗೆ ಹೆಸರಿಟ್ಟು, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ತಲೆಯ ಮೇಲೆ ನೀರು ಹೊಯ್ದೆ. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಆಮೇಲೆ ಶುರುವಾಯಿತು ಸಮಾಧಾನ. ಒಬ್ಬಳು ನನ್ನದೇ ಟವೆಲಿನಲ್ಲಿ ಮೂಗು ಸೀಟಿಕೊಂಡು, “ದೇವರಿಗೆ ಒಂದು ಸಣ್ಣ ದೇವದೂತ ಬೇಕಾಗಿತ್ತವ್ವಾ, ಕರಕೊಂಡಾನ,” ಎಂದಳು. ಇನ್ನೊಬ್ಬಳು ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಪಿಸುಗುಟ್ಟಿ, ನನ್ನ ಕಡೆ ತಿರುಗಿ, “ಸ್ವರ್ಗದಾಗ ಆಡ್ಕೋತ ಇರತೈತಿ, ಅಳಬ್ಯಾಡ,” ಎಂದಳು. ಎಲೆಅಡಿಕೆಯ ಬಾಯಿಯ ಆ ಬಿಸಿ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಅಸಹ್ಯವಾಗುತ್ತಿತ್ತು.

ಅದೇ ಹೊತ್ತಿಗೆ ಹೊರಗೆ ಅವರ ಗಂಡಂದಿರು ಕುಣಿಯ ಜಾಗ ನಿಶ್ಚಯಿಸುತ್ತಿದ್ದರು. ಜ್ಞಾನಸ್ನಾನವಾಗದ ಕೂಸು, ಸಿಮಿತ್ರಿಯ, ಅಂದರೆ ನಮ್ಮ ಸ್ಮಶಾನದ, ಗೋಡೆಯ ಒಳಗೆ ಹೂಳುವ ಹಾಗಿಲ್ಲ, ಇಗರ್ಜಿಯ ಗಂಟೆ ಹೊಡೆಯುವ ಹಾಗಿಲ್ಲ. ಗೋಡೆಯ ಆಚೆ ಎಂದರೆ ಯಾವ ಜಾಗವೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಜನ ತಂಬಿಗೆ ಹಿಡಿದು ಹೋಗುವ ಜಾಗ. ಒಳಮನೆಯಲ್ಲಿ ದೇವದೂತ, ಅಂಗಳದಲ್ಲಿ ಹೇಲುಗುಂಡಿಯ ಪಾಲು! ಈ ಜನರ ನಾಲಿಗೆಯ ಮೇಲೆ ಎರಡೂ ಒಟ್ಟಿಗೆ ಹೇಗೆ ಹೊರಳುತ್ತಿದ್ದವೋ.

ನಾನು ನೀರು ಹಾಕಿದ್ದೇನೆ ಎಂದು ಕೂಗಿದೆ. ಅತ್ತೆ ಬಾಗಿಲಿಗೆ ಬಂದರು. “ಬಾಣಂತಿ ನೀ. ಇನ್ನೂ ಇಗರ್ಜಿ ಮೆಟ್ಟಲಾ ಹತ್ತಿಲ್ಲ. ನಿನ್ನ ಮೈಲಿಗಿ ಕೈಲೆ ಹಾಕಿದ್ದು ಎಂಥಾ ಜ್ಞಾನಸ್ನಾನ? ರೀತಿ ಹೆಂಗ ಐತೋ ಹಂಗ ಆಗ್ಲಿ,” ಎಂದರು. ಹೆಂಗಸರು ತಲೆಯಾಡಿಸಿದರು. ಗಂಡ ಅಂಗಳದಲ್ಲಿ ಉಗುರು ಕಚ್ಚುತ್ತ ನಿಂತಿದ್ದ, ಅವನ ಮೇಲೂ ಹೇಸಿಗೆಯಾಯಿತು. ಸತ್ತವರು ಏಳುತ್ತಾರೆಂದು ಪ್ರತಿ ಭಾನುವಾರ ಇಗರ್ಜಿಯಲ್ಲಿ ಬಾಯಿಪಾಠ ಒಪ್ಪಿಸುವ ಮಂದಿ, ನನ್ನ ಮಗಳು ಏಳಬೇಕಾದರೆ ಮಾತ್ರ ಮೈಲಿಗೆ ನೋಡುತ್ತಿದ್ದರು.

ಸುದ್ದಿ ಮುಟ್ಟಿ ಮಧ್ಯಾಹ್ನದ ಬಸ್ಸಿಗೆ ಹಳಿಯಾಳದಿಂದ ಪಾದ್ರಿಗಳು ಬಂದರು. ಧೂಳು ಮೆತ್ತಿದ ನಿಲುವಂಗಿ, ಸಿಡುಕು ಮೋರೆ. ಅವರಿಂದಲೂ ನಾನು ಏನೂ ನಿರೀಕ್ಷಿಸಲಿಲ್ಲ. ಎಲ್ಲರ ಮಾತು ಕೇಳಿ ಅವರು ನೆಟ್ಟಗೆ ನನ್ನ ಹತ್ತಿರ ಬಂದರು.

“ನೀರು ತಲಿ ಮ್ಯಾಲೆ ಹರೀತೇನು?”

“ಹರೀತ್ರಿ. ನಾನ ಕಣ್ಣಾರೆ ನೋಡೇನ್ರಿ,” ಎಂದಳು ಬಾಗಿಲ ಹೊರಗೆ ನಿಂತಿದ್ದ ಲಿಂಗಾಯತರ ಅಕ್ಕ.

ನಾನು ಹೇಳಿದ ಮಾತುಗಳನ್ನು ಪಾದ್ರಿಗಳು ಇನ್ನೊಮ್ಮೆ ಹೇಳಿಸಿದರು. “ಆತು. ಕೂಸು ಗ್ವಾಡಿ ಒಳಗ ಮಲಗತೈತಿ. ಗಂಟಿ ಹೊಡಸ್ರಿ,” ಎಂದು ಅಂಗಳದ ಕಡೆ ಗದರಿ, ಮತ್ತೆ ನನ್ನತ್ತ ತಿರುಗಿದರು. “ಹೆಸರು ಏನಿಟ್ಟಿ, ತಂಗಿ?”

ಬೆಳಗಿನಿಂದ ಬಂದ ಅಷ್ಟು ಜನರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ನಮ್ಮಲ್ಲಿ ಮೊದಲ ಮೊಮ್ಮಗಳಿಗೆ ತಂದೆಯ ತಾಯಿಯ ಹೆಸರು. ಆ ಗಾಬರಿಯಲ್ಲಿ ನನಗೆ ಬೇರೆ ಹೆಸರು ಹೊಳೆದಿರಲಿಲ್ಲ. ಹೇಳಿದೆ.

ಪಾದ್ರಿಗಳು ಕೂಸಿನ ಹಣೆ ಮುಟ್ಟಿ, ಆ ಹೆಸರು ಹಿಡಿದು ಕರೆದು, ಕಡೆಯ ದಿನ ಕರ್ತನು ನಿನ್ನನ್ನು ಎಬ್ಬಿಸಲಿ ಎಂದು ಪ್ರಾರ್ಥಿಸಿದರು. ನನ್ನೊಳಗೆ ಬೆಳಗಿನಿಂದ ಕಲ್ಲಾಗಿದ್ದದ್ದು ಸಡಿಲವಾಯಿತು, ಮಗಳು ಎಲ್ಲೋ ಕ್ಷೇಮವಾಗಿದ್ದಾಳೆ ಅನ್ನಿಸಿತು. ಹಿಂದಿನಿಂದ ಒಂದು ದನಿ ಬಂತು.

“ನನ್ನ ಹೆಸರಾ?”

ಅತ್ತೆ ಗೋಡೆ ಹಿಡಿದುಕೊಂಡು ನಿಂತಿದ್ದರು. ಅವರು ಬಂದು, ನನ್ನ ಮುಖ ನೋಡದೆ, ಬಟ್ಟೆ ಸುತ್ತಿದ ಕೂಸನ್ನು ಎತ್ತಿ ಎದೆಗೊತ್ತಿಕೊಂಡರು. ಪೆಟ್ಟಿಗೆ ತಂದ ಗಂಡಸರನ್ನು ಸರಿಸಿ, ಬರಿಗಾಲಿನಲ್ಲಿ ತಾವೇ ಸಿಮಿತ್ರಿಯವರೆಗೆ ಹೊತ್ತುಕೊಂಡು ನಡೆದರು.