ಸುರಗಿ ಹಾಕಿದ ಉಪ್ಪು

ಮೀನುಪೇಟೆಯಿಂದ ಬರುವಾಗ ಅವಳ ಮೊಣಕೈವರೆಗೂ ಮೀನಿನ ಹುರುಪೆ ಅಂಟಿಕೊಂಡು ಬಿಸಿಲಿಗೆ ಮಿನುಗುತ್ತಿತ್ತು. ಬುಟ್ಟಿಯನ್ನು ಅಂಗಳದಲ್ಲಿ ಕವುಚಿ ಹಾಕಿ, ಯಾರೊಡನೆಯೂ ಮಾತಾಡದೆ ನೇರ ಬಚ್ಚಲಿಗೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬೇಲಿ ದಾಟಿ ನಮ್ಮ ಅಡುಗೆಮನೆಯವರೆಗೂ ಸುರಗಿ ಹೂವಿನ ಪರಿಮಳ ಬರುತ್ತಿತ್ತು. ಎಪ್ಪತ್ತರ ದಶಕದ ನಡುವೆ, ಮಿರ್ಜಾನದಿಂದ ಹೊನ್ನಾವರದ ಬಾಡಿಗೆ ಮನೆಗೆ ಹೊಸ ಸೊಸೆಯಾಗಿ ಬಂದ ನನಗೆ ಪಕ್ಕದ ಮನೆಯ ಅಕ್ಕನ ಮೊದಲ ಪರಿಚಯ ಹೀಗೆ.

ಆ ಪರಿಮಳ ಅವಳೇ ಮಾಡಿಕೊಳ್ಳುತ್ತಿದ್ದ ಸ್ನಾನದ ಉಪ್ಪಿನದು. ಅವಳು ಮೀನು ಮಾರಲು ಶುರುಮಾಡಿದ ಹೊಸತರಲ್ಲಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬಳು ಮೂಗಿಗೆ ಸೆರಗು ಹಿಡಿದು ಎದ್ದು ಹೋದಳಂತೆ. “ಸಿಟ್ಟು ಬರ್ಲಿಲ್ಲ ತಂಗಿ,” ಎನ್ನುತ್ತಿದ್ದಳು. “ಮೀನು ಮಾರುಕೆ ಕೂತ ಹೊತ್ತು ಪೇಟೆದು. ಮಿಂದ ಮೇಲಿನ ಹೊತ್ತು ನಂದು.”

ಫಾಲ್ಗುಣದಲ್ಲಿ ಸುರಗಿ ಅರಳಿತೆಂದರೆ ಅವಳ ಉಪ್ಪಿನ ಕೆಲಸ. ಸಾಣಿಕಟ್ಟೆಯ ಹರಳುಪ್ಪನ್ನು ಮಣ್ಣಿನ ಬಾಣಲೆಯಲ್ಲಿ ಹುರಿದು ತೇವ ತೆಗೆಯುವಳು. ತಣಿದ ಮೇಲೆ ಭರಣಿಯೊಳಗೆ ಒಂದು ಪದರ ಉಪ್ಪು, ಅದರ ಮೇಲೆ ನೆರಳಲ್ಲಿ ಒಣಗಿಸಿದ ಸುರಗಿ, ಸಣ್ಣಗೆ ಕತ್ತರಿಸಿದ ಲಾವಂಚದ ಬೇರು, ಮತ್ತೆ ಉಪ್ಪು. ನನಗೆ ಅವಸರ. “ಬಿಸಿ ಉಪ್ಪಿಗೆ ಹೂ ಹಾಕಿದ್ರೆ ಹೂ ಬೆಂದು ಹೋಗ್ತದೆ. ಉಪ್ಪು ತಣೀಲಿ, ನೀನೂ ತಣ್ಣಗೆ ಕೂತ್ಕ,” ಎಂದು ಗದರುವಳು. ಭರಣಿಯ ಬಾಯಿ ಕಟ್ಟಿಟ್ಟರೆ ಮಳೆಗಾಲದ ತನಕ ಮುಟ್ಟುವಂತಿಲ್ಲ. ನನಗೆ ಮೊದಲ ಸಲ ಉಪ್ಪು ಕೊಟ್ಟಾಗ ಹೇಳಿದ್ದು ಇಷ್ಟೇ: “ಹಂಡೆಗೆ ಹಾಕ್ಬೇಡ, ತಾಮ್ರ ತಿಂತದೆ. ಬಾಲ್ದಿಗೆ ಹಾಕು.”

ಮರುವರ್ಷ ನನ್ನ ಮೊದಲ ಕೂಸು ಹುಟ್ಟುತ್ತಲೇ ಕಣ್ಣು ಮುಚ್ಚಿತು. ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದೆ. ಅತ್ತೆ ಕೆಟ್ಟವರೇನಲ್ಲ, ಕೂಸಿಲ್ಲದ ಮನೆಯಲ್ಲಿ ಬಾಣಂತನ ಹೇಗೆ ಮಾಡುವುದೆಂದು ಅವರಿಗೆ ತೋಚಲಿಲ್ಲ. ಎಣ್ಣೆಯಿಲ್ಲ, ಬಿಸಿನೀರಿಲ್ಲ. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ಅದನ್ನು ಯಾರಿಗಾದರೂ ಹೇಳಲೂ ನಾಚಿಕೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ.

ಅಕ್ಕ ಭರಣಿಯನ್ನು ಸೊಂಟಕ್ಕೆ ಒತ್ತಿಕೊಂಡು ಬಂದಳು. “ಅಮ್ಮ, ಬಚ್ಚಲೊಲೆಗೆ ಬೆಂಕಿ ಹಾಕ್ತೆ. ತಂಗಿಗೆ ನೀರು ಹಾಕುವ,” ಎಂದಳು.

“ಕೂಸೇ ಇಲ್ಲ. ಬಾಣಂತಿ ಸ್ನಾನ ಎಂತಕ್ಕೆ ಈಗ?” ಅತ್ತೆಯ ದನಿ ಸಣ್ಣದಾಗಿತ್ತು.

“ಕೂಸು ಹೋತು ಅಮ್ಮ. ಹೆತ್ತ ಮೈ ಇಲ್ಲೇ ಇದೆ ಅಲ್ದಾ?”

ಅತ್ತೆ ಒಳಗೆ ಹೋಗಿ ಎಣ್ಣೆ ಬಿಸಿಮಾಡಿ ತಂದರು.

ಅಕ್ಕ ಬೆನ್ನಿಗೆ, ಸೊಂಟಕ್ಕೆ ಎಣ್ಣೆ ತಿಕ್ಕಿದಳು. ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ಎದೆಯ ಮೇಲಿಟ್ಟಳು. ಉಪ್ಪು ಕರಗಿದ ನೀರನ್ನು ಚೆಂಬಿನಿಂದ ನಿಧಾನವಾಗಿ ಹೊಯ್ಯುತ್ತ, “ಅಳು ಬಂದ್ರೆ ಅಳು,” ಎಂದಳು. ನಾನು ಅಳಲಿಲ್ಲ. ಇನ್ನೊಂದು ಚೆಂಬು ಹೊಯ್ದು ಕೇಳಿದಳು: “ಕೂಸು ಯಾರ ಹಾಂಗಿತ್ತು?”

ಅಷ್ಟು ದಿನ ಯಾರೂ ಕೇಳಿರಲಿಲ್ಲ. ನನ್ನನ್ನು ನೋಯಿಸಬಾರದೆಂದು ಎಲ್ಲರೂ ಕೂಸಿನ ಸುದ್ದಿಯನ್ನೇ ಬಿಟ್ಟಿದ್ದರು. “ಕೂದಲು ದಟ್ಟ ಇತ್ತು. ಗಲ್ಲದಲ್ಲಿ ಗುಳಿ,” ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿ ಬಂತು. ಮನೆಯವರಿಗೆಲ್ಲ ಕೇಳುವಷ್ಟು ಜೋರಾಗಿ ಅತ್ತುಬಿಟ್ಟೆ. ಅಕ್ಕ ಸಮಾಧಾನ ಹೇಳಲಿಲ್ಲ, ನೀರು ಹೊಯ್ಯುವುದನ್ನೂ ನಿಲ್ಲಿಸಲಿಲ್ಲ. ಬಾಣಂತನದ ದಿನ ಮುಗಿಯುವ ತನಕ ಪೇಟೆ ಮುಗಿಸಿ, ತಾನು ಮಿಂದು, ನನ್ನನ್ನು ಮೀಯಿಸಲು ಬಂದಳು.

ಮುಂದೆ ನನಗೆ ಮಗಳು ಹುಟ್ಟಿದಳು. ಗಂಡನಿಗೆ ಕುಮಟಾಕ್ಕೆ ವರ್ಗವಾಯಿತು. ಎಂಬತ್ತರ ದಶಕದಲ್ಲಿ ಒಂದು ದೊಡ್ಡ ಜ್ವರ ಬಂದು ಹೋದ ಮೇಲೆ ಅಕ್ಕನಿಗೆ ವಾಸನೆಯೇ ತಿಳಿಯದಂತಾಯಿತು. “ಮೀನೂ ಇಲ್ಲ, ಸುರಗಿನೂ ಇಲ್ಲ. ಎಲ್ಲಾ ಬರೀ ನೀರು,” ಎಂದಳು. ಆದರೂ ಆ ಸುರಗಿ ಕಾಲಕ್ಕೆ ಉಪ್ಪು ಹುರಿದಳು. ಮಳೆ ಬಿದ್ದ ಮೇಲೆ ನನ್ನನ್ನು ಕರೆಸಿ ಭರಣಿ ಬಿಚ್ಚಿ ಮುಂದೆ ಹಿಡಿದಳು.

“ಮೂಸಿ ನೋಡು. ಸುಳ್ಳು ಹೇಳ್ಬೇಡ.”

“ಲಾವಂಚ ಜೋರಾಗಿದೆ ಅಕ್ಕ. ಸುರಗಿ ಅದರಡಿಗೆ ಬಿದ್ದಿದೆ.”

“ಆತು,” ಎಂದು ಅಕ್ಕ ಉಪ್ಪನ್ನೆಲ್ಲ ಮೊರಕ್ಕೆ ಸುರಿದು ಬೇರು ಆರಿಸಲು ಕೂತಳು. ನಾನೂ ಕೂತೆ.

ಕೊನೆಗೆ ಅಕ್ಕ ಭಟ್ಕಳದಲ್ಲಿ ತನ್ನ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಳು. ನೋಡಲು ಹೋದಾಗ ನನ್ನ ಕೈ ಹಿಡಿದು, “ಕಿಟಕಿಂದ ಎಂತ ವಾಸನೆ ಬತ್ತದೆ, ಹೇಳು,” ಎಂದಳು.

“ಪಕ್ಕದ ಮನೆಯಲ್ಲಿ ಈರುಳ್ಳಿ ಹುರೀತಿದ್ದಾರೆ.”

“ಮತ್ತೆ?”

“ಯಾರೋ ಹಲಸಿನ ಹಣ್ಣು ಬಿಡಿಸಿದ್ದಾರೆ. ಘಾಟು ಇಲ್ಲಿವರೆಗೂ ಬಂತು.”

“ಮತ್ತೆ?”

“ಒದ್ದೆ ಮಣ್ಣು. ದೂರದಲ್ಲೆಲ್ಲೋ ಮಳೆ ಬಿದ್ದಿರಬೇಕು.”

ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ನಿಲ್ಲಿಸಿದಾಗಲೆಲ್ಲ ಅವಳ ಬೆರಳು ನನ್ನ ಅಂಗೈಯನ್ನು ಮೆಲ್ಲಗೆ ಒತ್ತುತ್ತಿತ್ತು. ನಿದ್ದೆ ಹತ್ತುವ ತನಕ ಹೇಳಿದೆ.

ಮಳೆ ಹಿಡಿದ ವಾರದಲ್ಲಿ ಅವಳು ತೀರಿಕೊಂಡಳು. ಕ್ರಿಯೆ ಮುಗಿಸಿ ಕುಮಟಾಕ್ಕೆ ಮರಳುವಾಗ ಬಸ್ಸಿನ ಕಿಟಕಿಯಿಂದ ಉತ್ತ ಗದ್ದೆಯ ವಾಸನೆ ಬಂತು. ಅದನ್ನು ಅವಳಿಗೆ ಹೇಳಿದೆ. ಆಮೇಲೆ ದಾರಿಯುದ್ದಕ್ಕೂ ಮೂಗಿಗೆ ಬಂದದ್ದನ್ನೆಲ್ಲ ಮನಸ್ಸಿನಲ್ಲೇ ಹೇಳುತ್ತ ಬಂದೆ.