ಅಬ್ಬಾಸಣ್ಣನ ಸೆಕೆಂಡ್ ಗೇರು

ಅಬ್ಬಾಸಣ್ಣ ಗೇರು ಬದಲಿಸುವ ಮೊದಲು ಅದನ್ನು ಕೂಗಿ ಹೇಳುತ್ತಿದ್ದರು. "ಸೆಕೆಂಡ್!" ಎಂದರೆ ಮುಂದಿನ ಸೀಟಿನಲ್ಲಿ ನಡುವೆ ಕೂತವರು ಮಂಡಿ ಸರಿಸಬೇಕು. ಬಾಳೂರಿನಿಂದ ಮೂಡಿಗೆರೆಗೆ ಹೋಗುವ ಅವರ ಹಸಿರು ಜೀಪಿನಲ್ಲಿ ಜನ ಒತ್ತಿಕೊಂಡು ಕೂರುತ್ತಿದ್ದುದರಿಂದ ಗೇರಿನ ಕೋಲಿಗೆ ಅಲ್ಲಾಡಲೂ ಜಾಗವಿರುತ್ತಿರಲಿಲ್ಲ. ಶಾಲೆಗೆ ಹೋಗುವಾಗ ಆ ನಡುವಿನ ಸೀಟು ನನ್ನದು. ನಾನು ಎಲ್ಲೋ ನೋಡುತ್ತ ಕೂತರೆ ಬಲಗೈಯ ಬೆಳ್ಳಿ ಉಂಗುರದಿಂದ ಸ್ಟೇರಿಂಗಿಗೆ ಎರಡು ಸಲ ಬಡಿಯುವರು, ಟಕ್ ಟಕ್. "ನೀನು ಕಾಲು ಸರಿಸಿದ್ರೆ ಮಾತ್ರ ಗಾಡಿ ಗುಡ್ಡ ಹತ್ತೋದು ಮಾರಾಯ್ತಿ" ಎನ್ನುವರು. ಜೀಪನ್ನು ನಾನೇ ಓಡಿಸುತ್ತಿದ್ದೇನೆಂಬ ಜಂಬ ನನಗೆ.

ರಸ್ತೆಯಲ್ಲಿ ಕೈ ಅಡ್ಡ ಹಿಡಿದವರನ್ನು ಬಿಟ್ಟು ಹೋದ ಮನುಷ್ಯ ಅವರಲ್ಲ. ಬೈಗುಳ ಮಾತ್ರ ಧಾರಾಳ. "ಸಾಯಂಕಾಲ ತನಕ ಒಲೆ ಎದುರು ಕೂತಿದ್ರಾ? ಹತ್ತಿ, ಹತ್ತಿ" ಎಂದು ಗದರುತ್ತಲೇ ಜಾಗ ಮಾಡಿಕೊಡುವರು.

ಅಂಥವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಸೋತವು. ಗೇರು ಹಾಕುವ ಕೈ, ಕ್ಲಚ್ಚು ಒತ್ತುವ ಕಾಲು! ದೇವರಿಗೆ ಬೇರೆ ಏನೂ ಕಣ್ಣಿಗೆ ಬೀಳಲಿಲ್ಲವೇ ಎಂದು ನನಗೆ ಸಿಟ್ಟೇ ಬಂದಿತ್ತು. ಆಸ್ಪತ್ರೆಯ ಖರ್ಚಿಗೆ ಜೀಪು ಹೋಯಿತು. ಕೊಂಡವನು ಅದಕ್ಕೆ ಬಿಳಿ ಬಣ್ಣ ಹೊಡೆಸಿದ. ಒಂದು ದಿನ ಅದು ಮನೆಯೆದುರೇ ಹಾದುಹೋದಾಗ ಜಗಲಿಯಲ್ಲಿದ್ದ ಅಬ್ಬಾಸಣ್ಣ ಎದ್ದು ಒಳಗೆ ಹೋದವರು ಊಟಕ್ಕೂ ಬರಲಿಲ್ಲವಂತೆ.

ಅಷ್ಟರಲ್ಲಿ ನಾನು ಬಾಳೂರಿನಲ್ಲೇ ಜೆರಾಕ್ಸ್ ಅಂಗಡಿ ಇಟ್ಟಿದ್ದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಆಡುವುದು ನನ್ನ ಚಟ. ಒಂದು ಮಧ್ಯಾಹ್ನ ಕೋಲೂರಿಕೊಂಡು ಬಂದ ಅಬ್ಬಾಸಣ್ಣ ಹಿಂದೆ ನಿಂತಿದ್ದು ಗೊತ್ತೇ ಆಗಲಿಲ್ಲ.

"ಥೂ! ಸೆಕೆಂಡ್ ಹಾಕೇ! ಇಂಜಿನ್ ಅಳ್ತಾ ಉಂಟು, ಕೇಳೋದಿಲ್ವಾ ನಿಂಗೆ?"

ನಾನು ಬೆಚ್ಚಿಬಿದ್ದೆ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಆಟ ನೋಡುತ್ತಲೇ ತಗ್ಗಿದ ದನಿಯಲ್ಲಿ ಕೇಳಿದರು: "ಇದನ್ನ ಒಂದು ಕೈಯಲ್ಲಿ ಓಡಿಸ್ಲಿಕ್ಕೆ ಆಗ್ತದಾ?"

ಹಾಗೆ ಅವರಿಗೊಂದು ಕಂಪ್ಯೂಟರ್ ಜೋಡಿಸಲು ನಾವಿಬ್ಬರೂ ಚಿಕ್ಕಮಗಳೂರಿನ ಬಸ್ಸು ಹತ್ತಿದೆವು. ಕೈಯಲ್ಲಿದ್ದ ದುಡ್ಡು ಸ್ವಲ್ಪವೇ. ಅಂಗಡಿಯವರು ಮೊದಲು ತೋರಿಸಿದ್ದು ಗಾಜಿನ ಬಾಗಿಲಿನ, ಒಳಗೆಲ್ಲ ಬಣ್ಣದ ದೀಪ ಮಿಣುಕುವ ಕ್ಯಾಬಿನೆಟ್, ಕಂಪ್ಯೂಟರಿನ ಹೊರಗಿನ ಡಬ್ಬ. ಅಬ್ಬಾಸಣ್ಣ ಅದರ ಸುತ್ತ ಒಂದು ಸುತ್ತು ಬಂದರು.

"ಇದೇನು ಮದುವೆ ದಿಬ್ಬಣದ ಬಸ್ಸಾ? ದೀಪಕ್ಕೆ ಕೊಡೋ ದುಡ್ಡು ಇಂಜಿನ್ನಿಗೆ ಹಾಕಿ ಸ್ವಾಮಿ."

ಆಟಕ್ಕೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಮುಖ್ಯವೆಂದು ನಾನು ಹೇಳಿದೆ. ಹೊಸದು ಕೈಗೆಟುಕುವಂತಿರಲಿಲ್ಲ, ಯಾರೋ ಬಳಸಿದ್ದನ್ನೇ ಆರಿಸಿದೆವು. ಆದರೆ ಒಳಗೆ ಎಲ್ಲಕ್ಕೂ ಕರೆಂಟು ಹಂಚುವ ಪೆಟ್ಟಿಗೆಯನ್ನು ಹೊಸದೇ ಕೊಳ್ಳಬೇಕೆಂದು ಅಬ್ಬಾಸಣ್ಣ ಹಟ ಹಿಡಿದರು. "ಹಳೇ ಬ್ಯಾಟರಿ ನಂಬಿ ಘಾಟಿ ಹತ್ತಿದವ ಉದ್ಧಾರ ಆಗಿದ್ದಿಲ್ಲ." ಅಷ್ಟರ ಮಟ್ಟಿಗೆ ಸರಿಯೇ. ಆಮೇಲೆ ಫ್ಯಾನು ನೋಡಿ, ಇಂಜಿನ್ನಿನಂತೆ ಇದನ್ನೂ ತಣಿಸಲು ಕೂಲೆಂಟ್ ಎಷ್ಟು ಲೀಟರ್ ಹಿಡಿಯುತ್ತದೆಂದು ಗಂಭೀರವಾಗಿ ಕೇಳಿದರು. ನಾನು ನಕ್ಕಿದ್ದಕ್ಕೆ ಮುನಿಸಿಕೊಂಡು ಕಾಫಿ ಕುಡಿಸುವ ತನಕ ಮಾತಾಡಲಿಲ್ಲ.

ಕೊನೆಗೆ ಅವರು ಆರಿಸಿದ ಕ್ಯಾಬಿನೆಟ್ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ನೆಗ್ಗಿದ ತಗಡಿನ ಡಬ್ಬ. ಎದುರಿನಿಂದ ಗಾಳಿ ಹೋಗುವುದಿಲ್ಲ, ಕಾರ್ಡು ಕಾಯುತ್ತದೆ ಎಂದು ನಾನು ತಲೆ ಚಚ್ಚಿಕೊಂಡೆ. ಅವರು ಬೆರಳಿನ ಗೆಣ್ಣಿನಿಂದ ಬಡಿದು ನೋಡಿ, "ತಗಡು ಗಟ್ಟಿ ಉಂಟು. ಜಾಲರಿ ನಾ ಹಾಕ್ತೇನೆ" ಎಂದರು. ಹಾಗೆ ಉಳಿದ ದುಡ್ಡಿನಲ್ಲಿ ಆಟದ ಸ್ಟೇರಿಂಗ್ ಬಂತು.

ಅವರ ಮನೆಯ ಜಗಲಿಯಲ್ಲಿ ನಾನು ಡಬ್ಬ ಹಿಡಿದುಕೊಂಡೆ, ಅವರು ಒಂದೇ ಕೈಯಲ್ಲಿ ಸುತ್ತಿಗೆ ಬಡಿದು ನೆಗ್ಗು ತೆಗೆದರು. ಎದುರಿನ ತಗಡು ಕತ್ತರಿಸಿ ಜಾಲರಿ ಕೂರಿಸಿದೆವು. ಆಮೇಲೆ ಅವರು ಅಟ್ಟದಿಂದ ಒಂದು ಡಬ್ಬಿ ಇಳಿಸಲು ಹೇಳಿದರು. ಜೀಪಿಗೆ ಹೊಡೆದು ಉಳಿದಿದ್ದ ಹಸಿರು ಬಣ್ಣ. ಬಳಿಯುವಾಗ ಅವರ ಕಣ್ಣು ತುಂಬಿಕೊಂಡಿತು, ನಾನು ಬ್ರಷ್ಷು ತೊಳೆಯುವ ನೆಪದಲ್ಲಿ ಎದ್ದುಹೋದೆ.

ಆಟದಲ್ಲಿ ಗೇರು ತಾನಾಗಿ ಬೀಳುವ ಹಾಗೆ ಮಾಡಬಹುದಿತ್ತು. "ಗೇರಿಲ್ಲದ ಗಾಡಿ ತೊಟ್ಟಿಲು" ಎಂದು ತಳ್ಳಿಹಾಕಿದರು. ಕೊನೆಗೆ ನಾನು ಎಡಕ್ಕೆ ಕೂತೆ. ಅವರು ಬಲಗೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತ "ಸೆಕೆಂಡ್!" ಎನ್ನುವರು, ನಾನು ಕೀಬೋರ್ಡಿನಲ್ಲಿ ಗೇರಿನ ಕೀ ಒತ್ತುವೆ. ದಿನಾ ಅಂಗಡಿ ಮುಚ್ಚಿದ ಮೇಲೆ ಇದೇ ಕೆಲಸ. ಅವರ ಹೆಂಡತಿ ಐಸಕ್ಕ ಅಡುಗೆಮನೆಯಿಂದಲೇ ಗೊಣಗುವರು: "ಮುದುಕನಿಗೆ ಮರುಳು, ನಿಂಗೂ ಮರುಳಾ?" ಅಬ್ಬಾಸಣ್ಣನಿಗೆ ಒಂದೇ ಬೇಸರ. "ಎಷ್ಟು ದೂರ ಬಂದ್ರೂ ಒಬ್ರೂ ಕೈ ಅಡ್ಡ ಹಿಡಿಯೋದಿಲ್ವಲ್ಲ. ಎಂಥ ಊರು ಇದು?"

ಎರಡನೆಯ ಸಲ ಲಕ್ವ ಹೊಡೆದಾಗ ಮಾತೇ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದೆ. ಕಣ್ಣಲ್ಲೇ ಹಸಿರು ಡಬ್ಬದ ಕಡೆ ತೋರಿಸಿದರು. ಕೂರಿಸಿ, ಆಟ ಶುರು ಮಾಡಿದೆ. ಲಾರಿ ಏರು ಹತ್ತತೊಡಗಿತು. ಅವರು ಬಾಯಿ ತೆರೆದರು, ಉಸಿರಷ್ಟೇ ಬಂತು. ನನ್ನ ಬೆರಳು ಕೀ ಮೇಲೇ ನಿಂತಿತ್ತು. ಆಗ ಸ್ಟೇರಿಂಗಿನ ಮೇಲೆ ಉಂಗುರ ಬಡಿಯಿತು, ಟಕ್ ಟಕ್. ನಾನು ಸೆಕೆಂಡ್ ಹಾಕಿದೆ. ಲೇಟಾಯಿತು ಎಂಬಂತೆ ಅವರು ನನ್ನ ಕಡೆ ಹುಬ್ಬು ಗಂಟಿಕ್ಕಿದರು. ಆಮೇಲೆ ಅರ್ಧ ಬಾಯಲ್ಲಿ ನಕ್ಕರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಈಚೆಗೆ ಐಸಕ್ಕ ಹೇಳಿಕಳಿಸಿದಾಗ ಹೋದೆ. ಹಸಿರು ಡಬ್ಬ ತೋರಿಸಿ, "ಅದನ್ನ ನೀನೇ ತಗೊಂಡು ಹೋಗು. ಬಟ್ಟೆ ಮುಚ್ಚಿಟ್ರೂ ನಂಗೆ ಅದೇ ಕಾಣ್ತದೆ" ಎಂದು ಹೇಳಿ ಒಳಗೆ ಹೋದರು. ವೈರು ಬಿಚ್ಚುವ ಮೊದಲು ಒಮ್ಮೆ ಹಚ್ಚಿ ನೋಡೋಣವೆಂದು ಕೂತೆ, ಅದೇ ಎಡಗಡೆಯ ಕುರ್ಚಿಯಲ್ಲಿ. ಬಲಗೈ ಚಾಚಿ ಸ್ಟೇರಿಂಗ್ ಹಿಡಿದೆ, ಎಡಗೈ ಕೀ ಮೇಲಿತ್ತು. ಲಾರಿ ಏರಿಗೆ ಬಂತು. ಇಂಜಿನ್ ಫಸ್ಟ್ ಗೇರಿನಲ್ಲೇ ಅಳತೊಡಗಿತು. ಗೇರು ಬದಲಿಸಬೇಕೆಂದು ನನಗೆ ಗೊತ್ತು. ಆದರೂ ಕಾಯುತ್ತಿದ್ದೆ. ಹೇಳುವವರಿಲ್ಲ ಎಂಬುದನ್ನು ನನ್ನ ಕೈ ಒಪ್ಪಲೇ ಇಲ್ಲ, ಕಣ್ಣು ಮಂಜಾಗಿ ರಸ್ತೆಯೂ ಕಾಣಿಸಲಿಲ್ಲ.

ಅಡುಗೆಮನೆಯಲ್ಲಿ ಐಸಕ್ಕ ಸೌಟಿನಿಂದ ಪಾತ್ರೆಗೆ ಬಡಿದರು, ಟಕ್ ಟಕ್.

ನಾನು ಸೆಕೆಂಡ್ ಹಾಕಿದೆ.